ಅಜ್ಜಿ ಯಾವತ್ತೂ ಸೈನ್ಸ್ ಅಂದಿರ್ಲಿಲ್ಲ

ಫ್ಯಾಮಿಲಿ ಗ್ರೂಪಿಗೆ ಮತ್ತೆ ಅದೇ ವಿಡಿಯೋ ಬಂದಿದೆ. ಹಿತ್ತಾಳೆ ತಟ್ಟೆ, ಅರಿಶಿನದ ನೀರು, ನಡುವೆ ನೆಟ್ಟಗೆ ನಿಂತ ಒನಕೆ. ಗ್ರಹಣದ ಟೈಮಲ್ಲಿ ಮಾತ್ರ ನಿಲ್ಲುತ್ತಂತೆ, ಗ್ರಾವಿಟಿ ಬದಲಾಗುತ್ತಂತೆ, "ಸೈನ್ಸೇ ಒಪ್ಪಿದೆ" ಅಂತೆ. ಯಾವ ಸೈನ್ಸಪ್ಪಾ, ಯಾವಾಗ ಒಪ್ಪಿದ್ದು? ಸೂರ್ಯ ಚಂದ್ರ ಹೆಚ್ಚುಕಮ್ಮಿ ಒಂದೇ ಸಾಲಿಗೆ ಬರೋದು ಪ್ರತಿ ಅಮಾವಾಸ್ಯೆ ಹುಣ್ಣಿಮೆಗೂ ಇದ್ದದ್ದೇ, ಆವಾಗೆಲ್ಲ ಒನಕೆಗೆ ರಜಾನಾ?

ಸಿಟ್ಟಿಗೆ ಅಟ್ಟ ಹತ್ತಿ ನಮ್ಮನೆ ಒನಕೆ ಇಳಿಸ್ದೆ. ಗ್ರಹಣ ಇಲ್ಲ, ಅಮಾವಾಸ್ಯೆ ಇಲ್ಲ, ಬರೀ ಬುಧವಾರ. ಮೂರನೇ ಸಲಕ್ಕೆ ನಿಂತ್ಕೊಂಡ್ತು, ತಳ ಚಪ್ಪಟೆ ಇದ್ರೆ ನಿಲ್ಲದೇ ಏನು ಮಾಡುತ್ತೆ. ಫೋಟೋ ಹಾಕಿದ್ದಕ್ಕೆ ದೊಡ್ಡಪ್ಪ, "ಹೋದ ಗ್ರಹಣದ ಎಫೆಕ್ಟ್ ಇನ್ನೂ ಇರಬಹುದು ಕಣೋ" ಅಂದ್ರು. ಏನಂತ ಹೇಳೋದು!

ನಮ್ಮಜ್ಜಿನೂ ಮೊಸರಿಗೆ, ಉಪ್ಪಿನಕಾಯಿಗೆ ದರ್ಭೆ ಹಾಕೋಳು. ಯಾಕಜ್ಜಿ ಅಂದ್ರೆ "ನಮ್ಮಮ್ಮ ಹಾಕ್ತಿದ್ಳು, ನಾನೂ ಹಾಕ್ತೀನಿ", ಮುಗೀತು. ರಾಹು ಸೂರ್ಯನ್ನ ನುಂಗ್ತಾನೆ, ಆದ್ರೆ ಕತ್ತಿಂದ ಕೆಳಗೆ ಏನೂ ಇಲ್ವಲ್ಲ, ಹಂಗೇ ಆಚೆ ಬಂದುಬಿಡ್ತಾನೆ ಅಂತ ಕೈಸನ್ನೆ ಮಾಡಿ ಹೇಳೋಳು. ಎಂಥಾ ಕಥೆ ಅದು, ಅದಕ್ಕೆ ಸೈನ್ಸಿನ ಸರ್ಟಿಫಿಕೇಟ್ ಯಾಕೆ ಬೇಕು? ಚಂದ್ರ ಸೂರ್ಯನ್ನ ಮುಚ್ಚುತ್ತೆ, ಭೂಮಿಯ ನೆರಳು ಚಂದ್ರನ್ನ ಮುಚ್ಚುತ್ತೆ ಅಂತ ಆರ್ಯಭಟ 499ರ ಹೊತ್ತಿಗೇ ಬರೆದಿಟ್ಟಿದ್ದಾನೆ. ಪಂಚಾಂಗ ಬರೆಯೋರ ಲೆಕ್ಕದಲ್ಲೂ ರಾಹು ಅಂದ್ರೆ ಚಂದ್ರನ ದಾರಿ ಸೂರ್ಯನ ದಾರಿಯನ್ನ ದಾಟೋ ಒಂದು ಬಿಂದು, ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಬರುತ್ತೆ. ಹಾವೂ ಇಲ್ಲ ತಲೆಯೂ ಇಲ್ಲ. ಗ್ರಹಣದ ಟೈಮು ನಿಮಿಷಕ್ಕೆ ಸರಿಯಾಗಿ ಬರೋದು ಆ ಲೆಕ್ಕದಿಂದ, ಒನಕೆಯಿಂದ ಅಲ್ಲ.

"ನಂಬಿದ್ರೆ ಯಾರಿಗೇನು ನಷ್ಟ" ಅಂತ ಈಗ ಯಾರಾದ್ರೂ ಕಾಮೆಂಟ್ ಹಾಕ್ತೀರ, ಗೊತ್ತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ರ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನ ಕತ್ತಿನವರೆಗೂ ಹೂತಿದ್ರು, ವಾಸಿಯಾಗುತ್ತೆ ಅಂತ. ನಷ್ಟ ಆ ಮಕ್ಕಳನ್ನ ಕೇಳಿ. ಹೆತ್ತವರನ್ನ ಬೈಯೋಕೆ ಮಾತ್ರ ನನಗೆ ಬಾಯಿ ಬರಲ್ಲ.

ಯಾಕಂದ್ರೆ, ಹೇಳೇಬಿಡ್ತೀನಿ, ನನ್ನ ಹೆಂಡತಿ ಏಳು ತಿಂಗಳ ಬಸುರಿ ಇದ್ದಾಗ ಗ್ರಹಣ ಬಂದಿತ್ತು. ಇಷ್ಟೆಲ್ಲಾ ಗೊತ್ತಿದ್ದ ನಾನೇ ಕರ್ಟನ್ ಎಳೆದು, ಈಳಿಗೆಮಣೆ ಕತ್ತರಿ ಎಲ್ಲಾ ಬೀರು ಮೇಲಿಟ್ಟು, ಅವಳು ನಗ್ತಿದ್ರೂ ಬಾಗಿಲ ಹತ್ರ ಕಾವಲು ಕೂತಿದ್ದೆ. ಹೆದರಿಕೆ ಕಣ್ರೀ, ಇನ್ನೇನೂ ಅಲ್ಲ. ಆದ್ರೆ ಅದನ್ನ ಸೈನ್ಸ್ ಅಂತ ಯಾವ ಗ್ರೂಪಿಗೂ ಫಾರ್ವರ್ಡ್ ಮಾಡ್ಲಿಲ್ಲ.