ಉತ್ತರ ನಾಳೆ

ಗಾಡಿ ಮದ್ದೂರು ಬಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಪಕ್ಕದ ಸೀಟಿನವರು ವಡೆ ತಿಂದು ಮುಗಿಸಿ, ಕಾಗದಕ್ಕೆ ಕೈ ಒರೆಸಿಕೊಂಡು, ನನ್ನ ಪೇಪರಿನ ಪದಬಂಧದ ಮೇಲೆ ಬಾಗಿದರು. ಎಣ್ಣೆ ಮಿಂಚುತ್ತಿದ್ದ ಬೆರಳನ್ನು ಎಡದಿಂದ ಬಲಕ್ಕೆ ಹದಿನೇಳರ ಮೇಲಿಟ್ಟು ಉತ್ತರ ಹೇಳಿಬಿಟ್ಟರು.

ಸರಿಯಾದ ಉತ್ತರ. ಸಂಕಟ ಇರುವುದೇ ಅಲ್ಲಿ. ತಪ್ಪು ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮೈಸೂರಿನಿಂದ ಆ ಸುಳಿವನ್ನು ಹುಣಿಸೆಬೀಜದ ಹಾಗೆ ಬಾಯಲ್ಲಿ ಹೊರಳಿಸುತ್ತ ಬಂದಿದ್ದೆ. ಶ್ರೀರಂಗಪಟ್ಟಣದಲ್ಲಿ ಅದು ಯಾವುದೋ ಹುಳು ಇರಬೇಕು ಅನ್ನಿಸಿತ್ತು, ಪಾಂಡವಪುರದಲ್ಲಿ ವಾದ್ಯ. ಮಂಡ್ಯದ ಹೊತ್ತಿಗೆ ಸುಳಿವಿನ ಕೊನೆಯ ಪದ ನನ್ನ ಕಣ್ಣಿಗೆ ಮಣ್ಣೆರಚುತ್ತಿದೆ ಅನ್ನುವುದು ಖಾತ್ರಿಯಾಗಿತ್ತು. ಇನ್ನೇನು, ಚನ್ನಪಟ್ಟಣ ಬರುವಷ್ಟರಲ್ಲಿ ಸಿಕ್ಕೇ ಸಿಗುತ್ತಿತ್ತು. "ಆಗಿಂದ ನೋಡ್ತಾ ಇದ್ದೆ ಸಾರ್, ತಡ್ಕೊಳ್ಳಕ್ಕಾಗ್ಲಿಲ್ಲ" ಅಂದರು. ಮರ್ಯಾದಸ್ಥನಾದ ತಪ್ಪಿಗೆ ನಾನು ಥ್ಯಾಂಕ್ಸ್ ಬೇರೆ ಹೇಳಬೇಕಾಯಿತು. ಆ ಸುಳಿವು ಏನೆಂದು ಇಲ್ಲಿ ಬರೆಯುವುದಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

"ಒಳ್ಳೇದು ಸಾರ್, ವಯಸ್ಸಾದ ಮೇಲೆ ಮರೆವು ಬರಲ್ವಂತೆ" ಎಂದೂ ಸೇರಿಸಿದರು. ಪೆನ್ನು ಹಿಡಿದು ಕೂತವನನ್ನು ಕಂಡರೆ ಜನಕ್ಕೆ ಯಾಕೆ ಡಾಕ್ಟರಿಕೆ ನೆನಪಾಗುತ್ತದೋ. ಪಾನಿಪೂರಿ ತಿನ್ನುವವನಿಗೆ ಯಾರೂ ಹೀಗೆ ಹೇಳುವುದಿಲ್ಲ. ನಾನೇನು ಪದಬಂಧವನ್ನು ಕಷಾಯದ ಹಾಗೆ ಮೂಗು ಹಿಡಿದು ಕುಡಿಯುತ್ತಿಲ್ಲ. ಇನ್ನೊಂದು ಜಾತಿಯವರು "ಗೆದ್ರೆ ಎಷ್ಟು ಕೊಡ್ತಾರೆ?" ಅನ್ನುತ್ತಾರೆ. ಅವರ ಹತ್ತಿರ ಮಾತೇ ಬೇಡ.

ನನಗೆ ಈ ಚಟ ಹತ್ತಿಸಿದ್ದು ಸಾಗರದ ಸೋದರಮಾವ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅವರ ಇಂಗ್ಲಿಷ್ ಪೇಪರು ಬಸ್ಸಿನಲ್ಲಿ ಮಧ್ಯಾಹ್ನಕ್ಕೆ ಬರುತ್ತಿತ್ತು. ಬಂದ ತಕ್ಷಣ ಕೊನೆಯ ಪುಟ ಮಾತ್ರ ಮಡಚಿಟ್ಟುಕೊಂಡು, ದೇಶದ ಸುದ್ದಿಯನ್ನೆಲ್ಲ ಅತ್ತೆಗೆ ಒಪ್ಪಿಸಿಬಿಡುತ್ತಿದ್ದರು. ಒಂದು ದಿನ ಜಿ, ಇ, ಜಿ, ಎಸ್ ಎಂದು ನಾಲ್ಕು ಅಕ್ಷರ ಬರೆದು ನನ್ನ ಮುಂದಿಟ್ಟರು. ಪಕ್ಕದಲ್ಲಿ (9,4), ಅಂದರೆ ಒಂಬತ್ತು ಅಕ್ಷರದ ಒಂದು ಪದ, ನಾಲ್ಕರದು ಇನ್ನೊಂದು. ಇಂಗ್ಲಿಷಿನವರ ಹಳೇ ಜೋಕು. ಎರಡು ದಿನ ಒದ್ದಾಡಿದೆ. ಅದು ಕಲಸಿಹೋದ ‘ಎಗ್ಸ್’, ಆದ್ದರಿಂದ ಸ್ಕ್ರ್ಯಾಂಬಲ್ಡ್ ಎಗ್ಸ್ ಎಂದು ಕೊನೆಗೆ ಹೊಳೆದಾಗ ದೇವರ ಮನೆಯ ಬಾಗಿಲಲ್ಲೇ ಕೂಗಿಕೊಂಡೆ. ನೈವೇದ್ಯ ಇಡುತ್ತಿದ್ದ ಅತ್ತೆ, "ಈ ಮನೇಲಿ ಮೊಟ್ಟೆ ಯಾರು ಒಡೆದಿದ್ದು?" ಎಂದು ಹೊರಗೆ ಬಂದರು.

ಅತ್ತೆಗೆ ಪದಬಂಧವೆಂದರೆ ಆಗದು. "ಇದರಿಂದ ಯಾರಿಗೇನು ಉಪಯೋಗ" ಎಂದು ಅವರು ಶುರುಮಾಡಿದರೆ ಮಾವ ಲಿಯೊನಾರ್ಡ್ ಡಾವ್ ಅವರ ಕತೆ ತೆಗೆಯುತ್ತಿದ್ದರು. 1944ರ ಮೇ ತಿಂಗಳು, ಎರಡನೇ ಮಹಾಯುದ್ಧದ ಕಾಲ. ಲಂಡನ್ನಿನ ಡೈಲಿ ಟೆಲಿಗ್ರಾಫಿನ ಪದಬಂಧದಲ್ಲಿ ಒಂದು ದಿನ ಯೂಟಾ, ಆಮೇಲೊಂದು ದಿನ ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ. ಜೂನ್ 1ಕ್ಕೆ ನೆಪ್ಚೂನ್. ಎಲ್ಲವೂ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ದಂಡೆಗೆ ಇಳಿಯಬೇಕಿದ್ದ ಮಿತ್ರಸೇನೆಯ ಗುಟ್ಟಿನ ಹೆಸರುಗಳು! ಪದಬಂಧ ಕಟ್ಟುತ್ತಿದ್ದವರು ಒಬ್ಬ ಹೆಡ್‌ಮಾಸ್ತರು. ಗುಪ್ತಚರರು ಬಂದು ವಿಚಾರಿಸಿದರೆ ಪಾಪ, ಅವರಿಗೆ ಏನೂ ಗೊತ್ತಿಲ್ಲ. ನಲವತ್ತು ವರ್ಷದ ಮೇಲೆ, 1984ರಲ್ಲಿ, ಅವರ ಹಳೇ ವಿದ್ಯಾರ್ಥಿಯೊಬ್ಬ ಬಾಯಿಬಿಟ್ಟ: ಖಾಲಿ ಮನೆಗಳಿಗೆ ಪದ ತುಂಬುವ ಕೆಲಸವನ್ನು ಮೇಷ್ಟ್ರು ಹುಡುಗರಿಗೆ ಕೊಡುತ್ತಿದ್ದರು, ಹತ್ತಿರದ ಕ್ಯಾಂಪಿನ ಸೈನಿಕರ ಬಾಯಲ್ಲಿ ಕೇಳಿದ್ದನ್ನು ತಾನು ತುಂಬಿದ್ದೆ ಎಂದು. ಮಾವನಿಗೆ ಇದು ಮೇಷ್ಟ್ರುಗಳ ಮಹಿಮೆಯ ಕತೆ. ಅತ್ತೆ ಮಾತ್ರ, "ಮಕ್ಕಳ ಕೈಲಿ ಕೆಲಸ ಮಾಡಿಸಿ ತಾವು ಹೆಸರು ತಗೊಳ್ಳೋದು ಅಲ್ಲೂ ಇತ್ತು ಅನ್ನಿ" ಎಂದು ಒಳಗೆ ಹೋದರು.

ಆ ಮಾತು ತಾಗಿತೋ ಏನೋ, ಮಾವ ಕನ್ನಡದಲ್ಲಿ ತಾವೇ ಸುಳಿವು ಹೊಸೆಯಲು ಕೂತರು. ಮದುವೆ ಕಾಗದದ ಹಿಂದುಗಡೆ, ಕೆಂಪು ಪೆನ್ನಲ್ಲಿ. ಮೊದಲನೆಯದು ಊರಿಗೇ ಮರ್ಯಾದೆ: "ಮಲೆನಾಡಲ್ಲಿದ್ದರೂ ಕಡಲು (3)". ಸಾಗರದ ಮಕ್ಕಳಿಗೆ ಅದೇನು ಮಹಾ! ಆಮೇಲೆ ಬಿಗಿ ಮಾಡುತ್ತ ಹೋದರು. "ಅರಸನ ಪಕ್ಕ ಒಂದು ತುಣುಕು, ಬಿಸಿಲೋ ಬಿಸಿಲು (4)" – ರಾಯಚೂರು. "ನದಿ ಹಿಂದಕ್ಕೆ ಹರಿದರೆ ಬೆಳಗಾಗುತ್ತದೆ, ರಾತ್ರಿಯೂ ಆಗುತ್ತದೆ (2)" – ದಿನ. ಸಿಂಹಾಸನದ ಒಳಗೆ ಹಾಸನ ಕೂತಿದೆಯೆಂದು ಕಂಡುಕೊಂಡ ದಿನ ಅವರಿಗೆ ಊಟ ಬೇಕಾಗಿರಲಿಲ್ಲ. ನನಗೆ ಇವತ್ತಿಗೂ ಹಿಡಿಸಿರುವುದು ಬೇರೆ: "ಎತ್ತಲಿಂದ ಹೊರಟರೂ ಕುಮಾರವ್ಯಾಸನ ಊರೇ (3)". ಗದಗ. ಇಂಗ್ಲಿಷಿನಲ್ಲಿ ಬರೆದರೂ ಆ ಮಜಾ ಹೋಗುವುದಿಲ್ಲ.

"ಇಂಗ್ಲಿಷ್ ಅಕ್ಷರ ಕಡ್ಲೆಪುರಿ ಕಣೋ, ಹೆಂಗೆ ಕಲಸಿದ್ರೂ ಬೆರೆಯುತ್ತೆ. ನಮ್ಮ ಅಕ್ಷರ ಕಾಗುಣಿತ, ಒತ್ತು ಎಲ್ಲಾ ಕಟ್ಕೊಂಡು ಸಂಸಾರ ಸಮೇತ ಬರುತ್ತೆ" ಎನ್ನುತ್ತಿದ್ದರು. ನಿಜ. ‘ಸ್ತ್ರೀ’ ನಮ್ಮಲ್ಲಿ ಒಂದೇ ಮನೆಯಲ್ಲಿ ಕೂರುತ್ತಾಳೆ, ಇಂಗ್ಲಿಷಿನಲ್ಲಿ ನಾಲ್ಕೋ ಐದೋ ಮನೆ ಬೇಕು. ಹಾಗಾಗಿ ಅವರ ಹಾಗೆ ಅಕ್ಷರ ಕದಡಿ ಆಡುವುದು ನಮಗೆ ಕಷ್ಟ. ಒಂದು ಪದದ ಹೊಟ್ಟೆಯಲ್ಲಿ ಇನ್ನೊಂದನ್ನು ಬಚ್ಚಿಡುವುದಕ್ಕೆ ಮಾತ್ರ ಕನ್ನಡದಷ್ಟು ಒದಗುವ ಭಾಷೆ ಇಲ್ಲ. ಇದು ನನ್ನ ಅಭಿಪ್ರಾಯ. ಯಾರೂ ಕೇಳಿಲ್ಲ, ಇರಲಿ.

ಒಂದು ರಾತ್ರಿ ಹುಳಿಗೆ ಉಪ್ಪು ಬಿದ್ದಿರಲಿಲ್ಲ. ಮರುದಿನ ಮದುವೆ ಕಾಗದದ ಮೇಲೆ ಬಂತು: "ಉಪ್ಪು ಮರೆತವಳು ಅರ್ಧ ದಾರಿಯಲ್ಲಿ ಸಿಕ್ಕಳು (4)".

"ಯಾರದು ಉಪ್ಪು ಮರೆತವಳು?" ಎಂದರು ಅತ್ತೆ. ಮಾವ ಬಾಯಿ ಬಿಡಲಿಲ್ಲ. ಅರ್ಧ ದಾರಿಯೆಂದರೆ ‘ದಾ’ ಅಥವಾ ‘ರಿ’, ಅಷ್ಟು ನಮಗೂ ತಿಳಿಯಿತು. ನಾನು ‘ತರಕಾರಿ’ ಅಂದೆ. "ಹಾಗಾದ್ರೆ ತರಕಾ ಅಂದ್ರೇನು?" ಎಂದು ಓಡಿಸಿದರು. ನನ್ನ ತಂಗಿ ‘ದಾಸವಾಳ’ ಅಂದಳು, ಕಾರಣ ಅವಳಿಗೂ ಗೊತ್ತಿರಲಿಲ್ಲ. ಮೂರನೇ ದಿನ ಅತ್ತೆಯೇ ಸೌಟು ಹಿಡಿದು ಬಂದು, "ವ್ಯಾಪಾರಿ?" ಅಂದರು. ಮೂರೇ ಮನೆ ಸಾಲುತ್ತದೆ ಎಂದಾಯಿತು. ಯಾರು ಏನು ಕೇಳಿದರೂ ಮಾವನದು ಪೇಪರಿನವರ ಮಾತು: "ಉತ್ತರ ನಾಳೆ."

ಆ ನಾಳೆ ಬರಲೇ ಇಲ್ಲ. ರಜ ಮುಗಿದು ನಾವು ಊರಿಗೆ ಬಂದೆವು. ಆಮೇಲೆ ಹೋದಾಗಲೆಲ್ಲ ಕೇಳಿದ್ದೇನೆ, ಕಾಗದದಲ್ಲೂ ಬರೆದಿದ್ದೇನೆ. ಉಪ್ಪನ್ನು ಲವಣ ಮಾಡಿ ನೋಡಿದೆ, ಮರೆತವಳನ್ನು ಶಕುಂತಲೆ ಮಾಡಿ ನೋಡಿದೆ. ಮರೆತವನು ದುಷ್ಯಂತ ಅಲ್ಲವೇ ಎಂದು ಅತ್ತೆ ತಿದ್ದಿದರು. ಎರಡು ವರ್ಷದ ಕೆಳಗೆ ಸಾಗರಕ್ಕೆ ಹೋದಾಗ ಹಟ ಹಿಡಿದು ಕೂತೆ. ಮಾವ ಕನ್ನಡಕ ತೆಗೆದು, ಪಂಚೆಯ ಚುಂಗಿನಲ್ಲಿ ಒರೆಸಿ, ಬಹಳ ಹೊತ್ತು ಅಂಗಳ ನೋಡಿದರು.

"ಉತ್ತರ ಇತ್ತು ಕಣೋ" ಅಂದರು. "ಚೆನ್ನಾಗಿತ್ತು."

ಮರೆವು ಬರಲ್ಲವಂತೆ! ದಿನಕ್ಕೊಂದರಂತೆ ಪದಬಂಧ ಬಿಡಿಸಿದ ಮನುಷ್ಯ.

ರೈಲಿನ ಮಾತಿಗೆ ಬರುತ್ತೇನೆ. ರಾಮನಗರ ದಾಟುವಾಗ ಪಕ್ಕದವರ ಕಣ್ಣು ಮೇಲಿನಿಂದ ಕೆಳಕ್ಕೆ ಹನ್ನೊಂದರ ಕಡೆ ಸರಿಯುತ್ತಿರುವುದು ಕಂಡಿತು. ನಾನು ಪೇಪರು ಮಡಚಿದೆ. "ನಿಮಗೆ ಇಷ್ಟು ಚೆನ್ನಾಗಿ ಬರುತ್ತಲ್ಲ, ಇದನ್ನ ಹೇಳಿ ನೋಡೋಣ" ಎಂದು ವಿನಯದಿಂದ ಉಪ್ಪು ಮರೆತವಳನ್ನು ಅವರ ಕೈಗೆ ಒಪ್ಪಿಸಿದೆ.

ಬಿಡದಿಯವರೆಗೆ ಅವರು ಮಾತಾಡಲಿಲ್ಲ. ಕೆಂಗೇರಿಯಲ್ಲಿ ಇಳಿಯುವ ಮುಂಚೆ ನನ್ನ ನಂಬರು ಬರೆದುಕೊಂಡರು. ಬ್ಯಾಗು ಮರೆತು ಇಳಿದಿದ್ದರು, ನಾನೇ ಕೂಗಿ ಕಿಟಕಿಯಿಂದ ಕೊಟ್ಟೆ.

ರಾತ್ರಿ ಹತ್ತೂವರೆಗೆ ಫೋನು.

"ಸಾರ್, ಒಂದೇ ಒಂದು ಹೇಳಿ. ಶುರುಗೆ ‘ದಾ’ ಬರುತ್ತಾ, ಕೊನೆಗೆ ‘ರಿ’ ಬರುತ್ತಾ? ಮಲಗಕ್ಕಾಗ್ತಿಲ್ಲ."

"ನಾಳೆ" ಅಂದೆ.