ಮರಗಳ ಸಾಲು ಸದ್ದನ್ನು ತಡೆಯುತ್ತದೆಯೇ: ಒಂದು ಸ್ಪಷ್ಟನೆ

ಉಪನಗರದ ಮನೆಗೂ ಹತ್ತಿರದ ಹೆದ್ದಾರಿ ಅಥವಾ ರೈಲು ಮಾರ್ಗಕ್ಕೂ ನಡುವೆ ಮರಗಳ ಸಾಲಿದ್ದರೆ ಸದ್ದಿನ ಚಿಂತೆಯಿಲ್ಲದೆ ಕೊಳ್ಳಬಹುದು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಎಲೆ, ಕೊಂಬೆಗಳ ನಡುವಿನ ತೆರಪುಗಳಲ್ಲಿ ಶಬ್ದದ ಅಲೆಗಳು ಸಲೀಸಾಗಿ ನುಸುಳುವುದರಿಂದ, ಒಂದೆರಡು ಸಾಲು ಮರಗಳು ವಾಹನಗಳನ್ನು ಕಣ್ಣಿನಿಂದ ಮರೆಮಾಡುತ್ತವೆಯೇ ಹೊರತು ಕಿವಿಯಿಂದಲ್ಲ. ಸದ್ದು 10 ಡೆಸಿಬೆಲ್‌ನಷ್ಟು, ಅಂದರೆ ಕಿವಿಗೆ ಸುಮಾರು ಅರ್ಧದಷ್ಟು, ತಗ್ಗಬೇಕಾದರೆ 60 ಮೀಟರ್‌ನಷ್ಟು ಅಗಲದ, ಎತ್ತರವೂ ದಟ್ಟವೂ ಆದ ಸಸ್ಯರಾಶಿ ಬೇಕಾಗುತ್ತದೆ. ಮನೆಗಳ ಹಿಂದೆ ಅಷ್ಟು ಜಾಗ ಸಿಗುವುದು ಅಪರೂಪ. ನೆರಳಿಗೆ, ನೋಟಕ್ಕೆ ಮರಗಳು ಖಂಡಿತ ಬೇಕು, ಆ ಬಗ್ಗೆ ತಕರಾರಿಲ್ಲ.

ಸದ್ದನ್ನು ನಿಜವಾಗಿ ತಗ್ಗಿಸುವುದು ಸಂದಿಯಿಲ್ಲದ ಗೋಡೆ ಅಥವಾ ಮಣ್ಣಿನ ದಿಬ್ಬ, ಅದೂ ರಸ್ತೆಯ ನೇರ ನೋಟವನ್ನು ಪೂರ್ತಿ ಮುಚ್ಚುವಷ್ಟು ಎತ್ತರವಿದ್ದಾಗ ಮಾತ್ರ. ಅಂಗಳದಲ್ಲಿ ನಿಂತಾಗ ಸದ್ದನ್ನು ತಡೆಯುವ ಗೋಡೆ, ಮಹಡಿಯ ಕೋಣೆಯಿಂದ ಅದರಾಚೆಯ ಚಕ್ರಗಳು ಕಾಣುವಂತಿದ್ದರೆ, ಅಲ್ಲಿ ಮಲಗುವವರಿಗೆ ಹೆಚ್ಚೇನೂ ನೆರವಾಗದು. ಆದ್ದರಿಂದ ಮುಂಗಡ ಕೊಡುವ ಮುನ್ನ ಒಂದು ರಾತ್ರಿ ಆ ಕೋಣೆಯ ಕಿಟಕಿ ತೆರೆದು ನಿಲ್ಲಿ, ಬಳಿಕ ಮುಚ್ಚಿ, ಸರಕು ಗಾಡಿ ಹಾದುಹೋಗುವಾಗ ಗಾಜಿನ ಮೇಲೆ ಅಂಗೈಯಿಟ್ಟು ಅದರ ನಡುಕವನ್ನು ನೀವೇ ಗಮನಿಸಿ.