ಹೆಸರು ಡಬ್ಬಿ

ಬೆಂಗಳೂರಿನ ಬಡಾವಣೆಗಳಿಗೆ ಹೆಸರು ಹೇಗೆ ಬಂತು ಅಂತ ತಿಳಿಯುವ ಹುಚ್ಚು ಹತ್ತಿತ್ತು. ಲೈಬ್ರರಿಗೆ ಹೋಗಿ "ಹೆಸರಿನ ಬಗ್ಗೆ ಪುಸ್ತಕ ಇದೆಯಾ ಸರ್?" ಅಂದೆ. ಅವರು ಪೇಪರಿನಿಂದ ತಲೆ ಎತ್ತದೆ ಕೃಷಿ ಕಪಾಟು ತೋರಿಸಿದರು. ಅಲ್ಲಿ ಹೆಸರು, ಉದ್ದು, ಅಲಸಂದೆ ಬೆಳೆಯುವ ಪುಸ್ತಕವೊಂದು ಧೂಳು ಹೊದ್ದು ಕೂತಿತ್ತು.

ಅಂಕಿಗಳಿಗೆ ಈ ತೊಂದರೆ ಇಲ್ಲ. ಲೈಬ್ರರಿ ಪುಸ್ತಕಗಳಿಗೆ ವಿಷಯಕ್ಕೆ ತಕ್ಕ ನಂಬರ್ ಕೊಡಲು ಮೆಲ್ವಿಲ್ ಡ್ಯೂಯಿ 1876ರಲ್ಲಿ ಶುರು ಮಾಡಿದ ದಶಮಾಂಶ ಪದ್ಧತಿಯಲ್ಲಿ ಈಗ ಕಾಳು 633.3ಕ್ಕೆ ಹೋಗುತ್ತದೆ, ಮನುಷ್ಯರ ಹೆಸರು 929.4ಕ್ಕೆ. ಹಾಗಂತ ಆ ಪದ್ಧತಿಯ ಮೇಲೆ ನನಗೆ ಪ್ರೀತಿಯೇನಿಲ್ಲ. ಇಂಗ್ಲಿಷ್ ಸಾಹಿತ್ಯಕ್ಕೆ 820, ಫ್ರೆಂಚಿಗೆ 840 ಅಂತ ಒಂದೊಂದು ಕಾರ್ನರ್ ಸೈಟು. ಕನ್ನಡಕ್ಕೆ? 890, ಅಂದರೆ 'ಇತರೆ' ಅನ್ನೋ ವಠಾರ. ಅದರಲ್ಲಿ ಮನೆ ನಂಬರ್ 894.814. ಅಕ್ಕಪಕ್ಕದಲ್ಲಿ ಟರ್ಕಿ, ಹಂಗೇರಿ, ಫಿನ್ಲೆಂಡಿನವರು. ನಲ್ಲಿ ನೀರಿಗೆ ಯಾವ ಭಾಷೇಲಿ ಜಗಳ ಆಡೋದು ಹೇಳಿ!

ಒಂದು ವಿಷಯವನ್ನು ಒಂದೇ ಗೂಡಿಗೆ ತುರುಕಬಾರದು, ಬಿಡಿಬಿಡಿಯಾಗಿ ನೋಡಬೇಕು ಅಂದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ನಮ್ಮೂರಲ್ಲೇ ಇದ್ದವರು. 1962ರಲ್ಲಿ ಗ್ರಂಥಪಾಲಕರ ತರಬೇತಿಗೆ ಇಲ್ಲೊಂದು ಕೇಂದ್ರವನ್ನೂ ತೆರೆದರು. ಅವರನ್ನೊಮ್ಮೆ ನಮ್ಮ ಅಡುಗೆಮನೆಗೆ ಕರೆಯಬೇಕಿತ್ತು.

ಅಲ್ಲಿ ಒಂದು ಹಳೇ ಬೋರ್ನ್‌ವಿಟಾ ಡಬ್ಬಿ ಇದೆ. ಅದರ ಮೇಲೆ ಅಮ್ಮ ಚೀಟಿ ಅಂಟಿಸಿ 'ಹೆಸರು' ಅಂತ ಬರೆದಿದ್ದಾಳೆ. ಒಳಗೆ ಮೆಂತ್ಯ. 'ಕಡಲೆಬೇಳೆ'ಯಲ್ಲಿ ತೊಗರಿ, 'ರವೆ'ಯಲ್ಲಿ ಅವಲಕ್ಕಿ. ಹದಿನೈದು ವರ್ಷದಿಂದ ಹೀಗೇ. ಅಮ್ಮ ನಾಲ್ಕು ದಿನ ಮೈಸೂರಿಗೆ ಹೋದಾಗ ನನಗೆ ಸುಧಾರಣೆಯ ಜ್ವರ ಬಂತು. ಪೇಪರ್ ಹಾಸಿ, ಎಲ್ಲ ಸುರಿದು, ಚೀಟಿಗೆ ತಕ್ಕಂತೆ ತುಂಬಿಸಿದೆ. ಮಧ್ಯಾಹ್ನ ಪೂರ್ತಿ ಹೋಯಿತು. ಸೊಂಟ ನೋವು ಬೇರೆ.

ಅಮ್ಮ ಬಂದಳು. ದೋಸೆಗೆ ನೆನೆಹಾಕಲು ಮೆಂತ್ಯ ಅಂತ ಕೈ ಹಾಕಿದರೆ ಹೆಸರುಕಾಳು!

"ಯಾರೋ ಇದನ್ನ ಕೆಡಿಸಿದ್ದು?"

"ಕೆಡಿಸಿಲ್ಲಮ್ಮ, ಸರಿ ಮಾಡಿದೀನಿ. ಡಬ್ಬಿ ಮೇಲೆ ಏನು ಬರೆದಿದೆ ನೋಡು."

"ಡಬ್ಬಿ ಮೇಲೆ ಬೋರ್ನ್‌ವಿಟಾ ಅಂತಲೂ ಇದೆ. ಅದನ್ನೂ ತಂದು ತುಂಬಬೇಕಿತ್ತು."

ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ. ಆ ಸಂಜೆಯೇ ಎಲ್ಲ ವಾಪಸ್ ಸುರಿದೆ.

ಇದನ್ನೆಲ್ಲ ಲೈಬ್ರರಿಯವರಿಗೆ ಹೇಳೋಣ ಅಂದುಕೊಂಡೆ. ಅವರು ಪದಬಂಧದಲ್ಲಿ ಮುಳುಗಿದ್ದರು. ಸುಮ್ನೆ ಬರೋದು ಬೇಡ ಅಂತ ಹೆಸರುಬೆಳೆ ಪುಸ್ತಕವನ್ನೇ ತಂದೆ. ವಾಪಸ್ ಕೊಡುವ ದಿನ ಮೊನ್ನೆಗೇ ಮುಗಿದಿದೆ. ಅಮ್ಮ ಬಿಡುತ್ತಿಲ್ಲ, ಇನ್ನೂ ಉದ್ದಿನ ಅಧ್ಯಾಯ ಬಾಕಿ ಇದೆಯಂತೆ.